ವಾಹನ ಯಂತ್ರವೂ ನಮ್ಮ ವಿಜ್ಞಾನದ ತರಗತಿಯೂ

ಸುವರ್ಣ ಮಹೋತ್ಸವವನ್ನು ಆಚರಿಸುತ್ತಿರುವ ನಮ್ಮ ಶಾಲೆಯಲ್ಲಿ ಓದಿದವರಲ್ಲಿ ಶಿಕ್ಷಕರು, ಗುಮಾಸ್ತರು, ವರ್ತಕರು ಇರುವಂತೆಯೇ ಸ್ಪ್ಯಾನರ್ ಹಿಡಿದು ಬದುಕು ಕಟ್ಟಿಕೊಂಡವರೂ ಅನೇಕರಿದ್ದಾರೆ. ಟಿ.ವಿ.ಎಸ್., ಅಶೋಕ್ ಲೇಲ್ಯಾಂಡ್ ಕಾರ್ಖಾನೆಗಳಿರುವ ಹೊಸೂರಿನಲ್ಲಿ ಇದು ಸಹಜವೇ. ನಾನೂ ಆ ಪಂಗಡದವನು. ಇಂತಹ ಸಂಚಿಕೆಗಳಲ್ಲಿ ನಮ್ಮವರ ಭಾವಚಿತ್ರ ಅಚ್ಚಾಗುವುದು ಅಪರೂಪ. ಆ ಮಾತು ಹಾಗಿರಲಿ.

1983ರಲ್ಲಿ ಬಂದ ಮಾರುತಿ 800 ಕಾರಿಗೆ ಕಾರ್ಬ್ಯುರೇಟರ್ ಇತ್ತು. ಕಿರಿದಾದ ಕಂಠದಲ್ಲಿ ವೇಗವಾಗಿ ನುಗ್ಗುವ ಗಾಳಿಯ ಒತ್ತಡ ತಗ್ಗಿ, ಪೆಟ್ರೋಲು ತಾನಾಗಿಯೇ ಮೇಲೆಳೆಯಲ್ಪಡುತ್ತಿತ್ತು. ಕಿವಿಗೊಟ್ಟು, ಸ್ಕ್ರೂ ತಿರುಗಿಸಿ ಸರಿಪಡಿಸಬಹುದಾಗಿತ್ತು. 2000ದ ಸುಮಾರಿಗೆ ಹೊಗೆಯ ನಿಯಮಗಳು ಬಿಗಿಯಾದಂತೆ ಕಾರುಗಳಲ್ಲಿ ಅದು ಮರೆಯಾಗತೊಡಗಿತು. 2020ರ ಏಪ್ರಿಲ್ 1ರಂದು ಭಾರತ್ ಸ್ಟೇಜ್ 6 ಜಾರಿಗೆ ಬಂದ ಮೇಲೆ ಹೊಸ ದ್ವಿಚಕ್ರ ವಾಹನಗಳಿಂದಲೂ ಬಹುಮಟ್ಟಿಗೆ ನಿರ್ಗಮಿಸಿತು.

ಈಗ ಟ್ಯಾಂಕಿನೊಳಗಿನ ವಿದ್ಯುತ್ ಪಂಪು ಪೆಟ್ರೋಲನ್ನು ಒತ್ತಡದಿಂದ ಇಂಜೆಕ್ಟರಿಗೆ ತಳ್ಳುತ್ತದೆ. ಇಂಜೆಕ್ಟರು ಸೆಕೆಂಡಿನ ಸಾವಿರದ ಕೆಲವೇ ಭಾಗಗಳಷ್ಟು ಕಾಲ ತೆರೆದು ಮುಚ್ಚುತ್ತದೆ. ಎಷ್ಟು ಹೊತ್ತು ತೆರೆಯಬೇಕೆಂಬುದನ್ನು ನಿರ್ಧರಿಸುವುದು ಇ.ಸಿ.ಯು. ಎಂಬ ಚಿಕ್ಕ ಗಣಕ. ಒಳಬರುವ ಗಾಳಿ, ಎಂಜಿನ್ನಿನ ವೇಗ, ತಂಪುನೀರಿನ ಉಷ್ಣತೆ, ಆಕ್ಸಿಲರೇಟರ್ ಒತ್ತಿದ ಪ್ರಮಾಣ ಇವೆಲ್ಲದರ ವರದಿಯನ್ನು ಸೆನ್ಸರುಗಳು ಅದಕ್ಕೆ ಒಪ್ಪಿಸುತ್ತವೆ. ಶುದ್ಧ ಪೆಟ್ರೋಲು 1 ಪಾಲಿಗೆ ಗಾಳಿ ತೂಕದಲ್ಲಿ ಸುಮಾರು 14.7 ಪಾಲು ಇದ್ದರೆ ದಹನ ಪೂರ್ಣ. ಹೊಗೆ ಕೊಳವೆಯಲ್ಲಿರುವ ಆಕ್ಸಿಜನ್ ಸೆನ್ಸರು ಉಳಿದ ಆಮ್ಲಜನಕವನ್ನು ನೋಡಿ ಹೆಚ್ಚೋ ಕಡಿಮೆಯೋ ತಿಳಿಸುತ್ತದೆ. ಗಣಕ ಅದರಂತೆ ತಿದ್ದಿಕೊಳ್ಳುತ್ತದೆ.

ನನ್ನ ತಕರಾರು ಇರುವುದು ಇಲ್ಲಿ. ಸ್ಕ್ಯಾನರ್ ಜೋಡಿಸಿದೊಡನೆ 'ಮಿಶ್ರಣದಲ್ಲಿ ಪೆಟ್ರೋಲು ಸಾಲದು' ಎಂಬ ಅರ್ಥದ ಕೋಡು ಬಂತೆನ್ನಿ. ನಮ್ಮ ಎಷ್ಟೋ ಹುಡುಗರು ಕೂಡಲೇ ಆಕ್ಸಿಜನ್ ಸೆನ್ಸರನ್ನೇ ಬದಲಿಸುತ್ತಾರೆ. ಗಿರಾಕಿಗೆ ಸಾವಿರಾರು ರೂಪಾಯಿ ವೆಚ್ಚ. ಎರಡು ದಿನಗಳಲ್ಲಿ ಅದೇ ದೀಪ ಮತ್ತೆ ಉರಿಯುತ್ತದೆ. ಸೆನ್ಸರು ಸತ್ಯವನ್ನೇ ನುಡಿದಿತ್ತು! ಬಿರುಕುಬಿಟ್ಟ ರಬ್ಬರ್ ಕೊಳವೆಯಿಂದ ಲೆಕ್ಕಕ್ಕೆ ಸಿಗದ ಗಾಳಿ ನುಗ್ಗುತ್ತಿರಬಹುದು, ಫಿಲ್ಟರ್ ಕಟ್ಟಿರಬಹುದು, ಪಂಪು ಸೋತಿರಬಹುದು. ಕೊಳವೆಗಳನ್ನು ಪರೀಕ್ಷಿಸಿ, ಪೆಟ್ರೋಲಿನ ಒತ್ತಡವನ್ನು ಗೇಜಿನಿಂದ ಅಳೆಯುವುದು ಮೊದಲು ಆಗಬೇಕಾದ ಕೆಲಸ.

ಹುಡುಗರಿಗೆ ಬುದ್ಧಿಯ ಕೊರತೆಯಿಲ್ಲ. ಅವರಿಗೆ ದೊರೆಯುವ ಕೈಪಿಡಿಗಳು ಇಂಗ್ಲಿಷಿನಲ್ಲಿವೆ. ಕೋಡು ಕಂಠಪಾಠವಾಗುತ್ತದೆ, ಕಾರಣ ತಿಳಿಯದೆ ಉಳಿಯುತ್ತದೆ. ಒತ್ತಡ, ದಹನ, ಆವಿಯಾಗುವಿಕೆ ಇವನ್ನೆಲ್ಲ ನಾವು ಇದೇ ಶಾಲೆಯಲ್ಲಿ ಕನ್ನಡದಲ್ಲಿಯೇ ಕಲಿತೆವು. ತಣ್ಣಗಿರುವ ಎಂಜಿನ್ನಿಗೆ ಪೆಟ್ರೋಲು ಹೆಚ್ಚು ಬೇಕು, ಏಕೆಂದರೆ ತಂಪಿನಲ್ಲಿ ಅದು ಚೆನ್ನಾಗಿ ಆವಿಯಾಗದು ಎಂಬುದನ್ನು ಒಂಬತ್ತನೆಯ ತರಗತಿಯ ಮಗು ಸುಲಭವಾಗಿ ಗ್ರಹಿಸಬಲ್ಲದು. ಇಂಜೆಕ್ಟರ್, ಸೆನ್ಸರ್ ಎಂಬ ಹೆಸರುಗಳಿಗೆ ಕನ್ನಡ ಪದ ಹುಡುಕುವ ಹಟ ನನಗಿಲ್ಲ; ವಿವರಣೆ ಕನ್ನಡದಲ್ಲಿದ್ದರೆ ಸಾಕು.

ಮಹೋತ್ಸವ ನಿಧಿಯಿಂದ ಕಮಾನು ಕಟ್ಟಿಸುವ ಪ್ರಸ್ತಾಪವಿದೆಯೆಂದು ಕೇಳಿದ್ದೇನೆ. ಅದಕ್ಕಿಂತ ಮೊದಲು ಪ್ರಯೋಗಶಾಲೆಯಲ್ಲಿ ಸೀಳಿ ತೆರೆದಿಟ್ಟ ಒಂದು ಎಂಜಿನ್, ಒಂದು ಪ್ರೆಷರ್ ಗೇಜ್, ಒಂದು ಸ್ಕ್ಯಾನರ್ ಇರಲಿ ಎಂದು ಆಡಳಿತ ಮಂಡಳಿಯನ್ನು ವಿನಂತಿಸುತ್ತೇನೆ. ಎಂಜಿನ್ ನನ್ನ ಷೆಡ್ಡಿನಲ್ಲಿದೆ. ಸಾಗಿಸಲು ಒಂದು ಲಾರಿ ಕಳುಹಿಸಿದರೆ ಸಾಕು.