ನಾಯಿಮರಿಯ ಡೊಳ್ಳುಹೊಟ್ಟೆ

ಬೀದಿಯ ನಾಯಿಮರಿಯನ್ನು ಕಂಡರೆ ನಮ್ಮಲ್ಲಿ ಹಲವರ ಮನಸ್ಸು ಕರಗುತ್ತದೆ. ಬನ್ನಿನ ತುಂಡೊಂದನ್ನು ಎಸೆಯುತ್ತೇವೆ. ಕರುಣೆ ದೊಡ್ಡದೇ. ಆದರೆ ಅದರ ಸಾರ ಯಾರ ಪಾಲಾಗುತ್ತದೆ? ಪಕ್ಕೆಲುಬು ಎಣಿಸುವಂತಿದ್ದು ಹೊಟ್ಟೆ ಮಾತ್ರ ಡೊಳ್ಳಾಗಿರುವ ಮರಿಯ ಕರುಳಿನಲ್ಲಿ ಬಹುಮಟ್ಟಿಗೆ ದುಂಡುಹುಳುಗಳು ತುಂಬಿರುತ್ತವೆ. ಕಲಾವಿಭಾಗದವನಿಗೆ ಹುಳುವಿನ ಗೊಡವೆ ಏಕೆಂದು ಮಿತ್ರರು ನಕ್ಕರೆ ನಗಲಿ.

ಶಾಸ್ತ್ರಜ್ಞರು ಟಾಕ್ಸೊಕಾರ ಕೇನಿಸ್ ಎಂದು ಕರೆಯುವ ಈ ಹುಳು ಕೊಕ್ಕೆಹುಳುವಿನಂತೆ ಕರುಳಿಗೆ ಕಚ್ಚಿಕೊಂಡು ರಕ್ತ ಹೀರುವಂಥದಲ್ಲ. ಆದರೂ ಮರಿಯ ರಕ್ತ ಸೊರಗುತ್ತದೆ. ಜೀರ್ಣವಾದ ಆಹಾರವನ್ನು ಹುಳು ಕಬಳಿಸುತ್ತದೆ, ಕರುಳಿನ ಒಳಪೊರೆ ಕೆಡುತ್ತದೆ. ರಕ್ತ ಕೂಡಲು ಬೇಕಾದ ಸತ್ತ್ವ ಮೈಗೆ ಹತ್ತದು. ಹಿಮೊಗ್ಲೋಬಿನ್ ಇಳಿದು ಒಸಡು ಬಿಳಿಚಿಕೊಳ್ಳುತ್ತದೆ. ಇಯೊಸಿನೋಫಿಲ್ ಎಂಬ ಬಿಳಿಯ ರಕ್ತಕಣಗಳು ಮಾತ್ರ ಏರುತ್ತವೆ; ಎಳೆಹುಳುಗಳು ಯಕೃತ್ತು, ಶ್ವಾಸಕೋಶಗಳನ್ನು ಹಾದುಹೋಗುವಾಗ ದೇಹ ಹೂಡಿದ ಕಾಳಗದ ಗುರುತು ಅದು. ಹುಳುಗಳು ಮುದ್ದೆಗಟ್ಟಿ ಕರುಳನ್ನೇ ಅಡ್ಡಗಟ್ಟಿದರೆ ಮರಿ ಸಾಯುವುದೂ ಉಂಟು.

ಇದನ್ನೆಲ್ಲ ಮರಿ ತಿಪ್ಪೆಯಿಂದಲೇ ತಂದುಕೊಂಡಿತೆಂದು ತಿಳಿಯಕೂಡದು. ತಾಯಿಯ ಮಾಂಸಖಂಡಗಳಲ್ಲಿ ಸುಪ್ತವಾಗಿದ್ದ ಎಳೆಹುಳುಗಳು ಗರ್ಭದ ಕೊನೆಯ ವಾರಗಳಲ್ಲಿ ಎಚ್ಚೆತ್ತು, ಮಾಸಿನ ಮೂಲಕ ಮರಿಯನ್ನು ಸೇರುತ್ತವೆ. ಕೆಲವು ಮೊಲೆಹಾಲಿನಲ್ಲಿ ಬರುತ್ತವೆ. ಕಣ್ಣು ತೆರೆಯುವ ಮೊದಲೇ ಅದು ರೋಗಿ! ಆದುದರಿಂದಲೇ ಎರಡು ವಾರದ ಮರಿಗೇ, ತಾಯಿಗೂ ಜೊತೆಯಲ್ಲಿ, ಔಷಧ ಆರಂಭಿಸಬೇಕೆಂಬುದು ಪಶುವೈದ್ಯರ ಮತ.

ನಾಯಿಯ ಗೋಳು ನಮಗೇಕೆ ಎನ್ನುವವರೂ ಇದ್ದಾರೆ. ನಾಯಿಯ ಮಲದೊಡನೆ ಬಿದ್ದ ಮೊಟ್ಟೆಗಳು ಮಣ್ಣಿನಲ್ಲಿ ಕೆಲವು ವಾರ ಬಲಿತು ವರ್ಷಗಟ್ಟಲೆ ಬದುಕಬಲ್ಲವು. ಮಣ್ಣಾಡುವ ಕೂಸಿನ ಬಾಯಿ ಸೇರಿದರೆ ಎಳೆಹುಳು ಯಕೃತ್ತಿಗೆ, ಕೆಲವೊಮ್ಮೆ ಕಣ್ಣಿಗೆ ನುಗ್ಗಿ ದೃಷ್ಟಿಯನ್ನೇ ಕೆಡಿಸುತ್ತದೆ. ಅಮೆರಿಕದ ಬೀವರ್ ಮತ್ತು ಸಂಗಡಿಗರು 1952ರಲ್ಲೇ ಮಕ್ಕಳಲ್ಲಿ ಈ ಹುಳುವಿನ ಸಂಚಾರವನ್ನು ವಿವರಿಸಿದ್ದರು.

2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟು ಬೀದಿನಾಯಿಗಳ ವಿಷಯದಲ್ಲಿ ಆದೇಶವಿತ್ತಾಗ ಸಂತಾನಶಕ್ತಿಹರಣ, ಲಸಿಕೆಗಳೊಡನೆ ಜಂತುಹುಳುವಿನ ಔಷಧವನ್ನೂ ಹೇಳಿತ್ತು. ನಾಯಿಯನ್ನು ಓಡಿಸಬೇಕೋ ಉಳಿಸಬೇಕೋ ಎಂದು ಹಾಸ್ಟೆಲಿನಲ್ಲಿ ನಾವು ರಾತ್ರಿಯೆಲ್ಲ ವಾದಿಸಿದೆವು. ಹುಳುವಿನ ಮಾತನ್ನು ಯಾರೂ ಎತ್ತಲಿಲ್ಲ. ದೊಡ್ಡ ನಾಯಿಯನ್ನು ಹಿಡಿದಾಗ ಒಮ್ಮೆ ಕೊಟ್ಟ ಗುಳಿಗೆಯಿಂದ ಮುಂದೆ ಹುಟ್ಟುವ ಮರಿಗಳಿಗೆ ರಕ್ಷೆಯಿಲ್ಲ. ಮರಿಗಳನ್ನು ಹುಡುಕಿ ಎರಡು ವಾರಕ್ಕೊಮ್ಮೆ, ತೂಕ ನೋಡಿ, ಪೈರಾಂಟೆಲ್ ಕುಡಿಸುವವರು ಬೇಕು. ಎನ್.ಎಸ್.ಎಸ್. ಮಿತ್ರರು ಪಶುವೈದ್ಯರೊಬ್ಬರನ್ನು ಕರೆತಂದರೆ, ಹಾಸ್ಟೆಲಿನ ಹಿಂದಿನ ಬೀದಿಯಿಂದಲೇ ಈ ಕೆಲಸ ತೊಡಗಬಹುದು. ಬನ್ನಿನ ಹಣದಲ್ಲಿ ಒಂದು ಪಾಲನ್ನು ಔಷಧಕ್ಕೆ ಕೊಡಲು ನಾನು ಸಿದ್ಧ.