ಒಡೆದ ಛಾವಣಿ, ಕಡಿದ ಕೂಲಿ

ಪೀಣ್ಯದ ಸಣ್ಣ ಕಾರ್ಖಾನೆಗಳ ಕಚೇರಿ ಕೋಣೆಗಳಲ್ಲಿ ಜಿಪ್ಸಮ್ ಬೋರ್ಡಿನ ಫಾಲ್ಸ್ ಸೀಲಿಂಗ್ ಈಗ ಸರ್ವೇಸಾಮಾನ್ಯ. ಎ.ಸಿ. ಕೂರಿಸಲೋ ವೈರು ಎಳೆಯಲೋ ಬಂದ ಕೆಲಸಗಾರನ ಕಾಲು ಚಾನೆಲ್ ತಪ್ಪಿ ಬೋರ್ಡಿನ ಮೇಲೆ ಬೀಳುವುದು, ಅರ್ಧ ಇಂಚಿನ ಆ ಹಲಗೆ ಮುರಿದು ಕೆಳಗಿನ ಮೇಜಿನ ಮೇಲೆ ಉದುರುವುದು ಕೂಡ ಅಷ್ಟೇನೂ ಅಪರೂಪವಲ್ಲ. ಮುರಿದದ್ದು ಆಕಸ್ಮಿಕವೆಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ಮನುಷ್ಯನ ಪರೀಕ್ಷೆ ನಡೆಯುವುದು ಆಮೇಲಿನ ಅರ್ಧ ಗಂಟೆಯಲ್ಲಿ.

ಆ ಅರ್ಧ ಗಂಟೆಯಲ್ಲಿ ಗುತ್ತಿಗೆದಾರನ ಬಾಯಿಂದ ಮೂರು ಮಾತುಗಳು ಹೊರಡುತ್ತವೆ. “ಬೇಕಂತ ಮಾಡಿದ್ದಲ್ಲ ಸಾರ್” ಎಂಬುದು ಮೊದಲನೆಯದು. “ಸ್ವಲ್ಪ ಪುಟ್ಟಿ ಹಚ್ಚಿದರೆ ಗೊತ್ತೇ ಆಗಲ್ಲ” ಎಂಬುದು ಎರಡನೆಯದು. ಗಿರಾಕಿ ಅದಕ್ಕೂ ಒಪ್ಪದಿದ್ದರೆ, ಏಣಿಯ ಪಕ್ಕದಲ್ಲಿ ತಲೆತಗ್ಗಿಸಿ ನಿಂತ ಹುಡುಗನತ್ತ ಬೆರಳು ತೋರಿಸಿ, “ಇವನ ಕೂಲೀಲಿ ಹಿಡ್ಕೋತೀನಿ ಬಿಡಿ” ಎಂಬುದು ಮೂರನೆಯದು. ರಸೀದಿ ಪುಸ್ತಕದ ನೆತ್ತಿಯ ಮೇಲೆ ಬಸವಣ್ಣನವರ ಚಿತ್ರ ಅಚ್ಚು ಹಾಕಿಸಿಕೊಂಡವರ ಬಾಯಲ್ಲೂ ಇವೇ ಮಾತುಗಳು ಬರುವುದರಿಂದ ಈ ವಿಚಾರವನ್ನು ಇಲ್ಲಿ ಎತ್ತದೆ ವಿಧಿಯಿಲ್ಲ.

ಮೊದಲನೆಯ ಮಾತಿಗೆ ಹೆಚ್ಚು ವಿಚಾರ ಬೇಡ. ಉದ್ದೇಶವಿಲ್ಲದಿದ್ದರೆ ಪಾಪ ಕಡಿಮೆಯಾದೀತು, ಸಾಲ ಕಡಿಮೆಯಾಗದು.

ಎರಡನೆಯದು ಅಪಾಯಕಾರಿ, ಏಕೆಂದರೆ ಅದು ಕೆಲಸದಂತೆಯೇ ಕಾಣುತ್ತದೆ. ಕಾಲು ತೂರಿದಷ್ಟು ದೊಡ್ಡ ತೂತಿಗೆ ಪುಟ್ಟಿ ಮೆತ್ತಿದರೆ ಹಿಂದೆ ಆಧಾರವಿಲ್ಲದ ಅದು ಕೆಲವೇ ದಿನಗಳಲ್ಲಿ ಬಿರುಕು ಬಿಡುತ್ತದೆ. ಮುರಿದ ಭಾಗವನ್ನು ಚಾನೆಲ್‌ವರೆಗೆ ಚೌಕವಾಗಿ ಕತ್ತರಿಸಿ ತೆಗೆಯಬೇಕು. ಆಧಾರವಿಲ್ಲದ ಅಂಚಿಗೆ ಹೊಸ ಚಾನೆಲ್ ಕೊಡಬೇಕು. ಅದೇ ದಪ್ಪದ ಬೋರ್ಡಿನ ತುಂಡನ್ನು ಸ್ಕ್ರೂ ಹಾಕಿ ಬಿಗಿಯಬೇಕು. ಸಂದಿಗೆ ಟೇಪು ಅಂಟಿಸಿ, ಕಾಂಪೌಂಡನ್ನು ಒಂದು ಪದರ ಒಣಗಿದ ಮೇಲೆ ಇನ್ನೊಂದರಂತೆ ಎಳೆದು, ಉಜ್ಜಿ, ಪ್ರೈಮರ್ ಹೊಡೆಯಬೇಕು. ಬಣ್ಣವನ್ನಂತೂ ತೇಪೆಗಷ್ಟೇ ಬಳಿದರೆ ಅದು ಎದ್ದು ಕಾಣುತ್ತದೆ. ಮೂಲೆಯಿಂದ ಮೂಲೆಗೆ ಬಳಿಯಬೇಕು. ಒಣಗುವುದಕ್ಕೇ ಒಂದೆರಡು ದಿನ ಬೇಕಾಗುವ ಈ ಕೆಲಸವನ್ನು ಅರ್ಧ ಗಂಟೆಯಲ್ಲಿ ಮುಗಿಸುವೆನೆನ್ನುವುದು ದುರಸ್ತಿಯಲ್ಲ, ಮರೆಮಾಚುವಿಕೆ. ಪತಿ ಹೆಚ್ಚಾಗಿ ತಂದ ಅಕ್ಕಿಯನ್ನು ಹಿಂದಕ್ಕೆ ಸುರಿದು ಬರಲು ಹೇಳಿದ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಕೇಳಿ ತಲೆದೂಗುವವರು, ತೂತನ್ನು ಮುಚ್ಚಿಟ್ಟು ಪೂರ್ತಿ ಬಿಲ್ ವಸೂಲು ಮಾಡಿದ ಹಣ ಯಾವ ಅಕ್ಕಿಯೆಂದು ಹೇಳಲಿ.

ಅದೇ ಪೀಣ್ಯದ ಮೇಲ್ಸೇತುವೆಯನ್ನೇ ನೋಡಬಹುದು. 2021ರ ಡಿಸೆಂಬರಿನಲ್ಲಿ ಅದರೊಳಗಿನ ಕೇಬಲ್‌ಗಳ ದೋಷ ಕಂಡಾಗ ಸಂಚಾರವನ್ನೇ ನಿಲ್ಲಿಸಲಾಯಿತು. 2022ರ ಫೆಬ್ರವರಿಯಲ್ಲಿ ಲಘು ವಾಹನಗಳಿಗೆ ಬಿಟ್ಟರೂ ಭಾರಿ ವಾಹನಗಳು 2024ರ ಜುಲೈವರೆಗೆ ಕಾಯಬೇಕಾಯಿತು. ತುಮಕೂರು ರಸ್ತೆಯಲ್ಲಿ ಸಿಕ್ಕಿಕೊಂಡ ಲಾರಿಗಳವರು ಶಪಿಸಿರಬಹುದು. ಆದರೂ ಮೇಲೆ ಡಾಂಬರು ಬಳಿದು ಸುಮ್ಮನಿರಿ ಎಂದು ಯಾರೂ ಹೇಳಲಾರರು.

ಮೂರನೆಯ ಮಾತು ಅತ್ಯಂತ ಹೇಯವಾದುದು. ಲಾಭ ಬಂದಾಗ ಕೆಲಸ ಗುತ್ತಿಗೆದಾರನದು, ನಷ್ಟವಾದಾಗ ಮಾತ್ರ ಕೆಲಸ ಹುಡುಗನದೇ? ಕಾನೂನು ಕೂಡ ಇದನ್ನು ಒಪ್ಪುವುದಿಲ್ಲ. ತನ್ನ ವಶಕ್ಕೆ ಸ್ಪಷ್ಟವಾಗಿ ಒಪ್ಪಿಸಿದ ಸರಕು, ಲೆಕ್ಕ ಕೊಡಬೇಕಾದ ಹಣ – ಇವುಗಳಿಗೆ ಕೆಲಸಗಾರನ ಅಲಕ್ಷ್ಯದಿಂದಲೇ ನೇರವಾಗಿ ನಷ್ಟವಾಗಿದ್ದರೆ ಮಾತ್ರ, ಅದೂ ಅವನ ಸಮಜಾಯಿಷಿಗೆ ಅವಕಾಶ ಕೊಟ್ಟ ಮೇಲೆ, ನಷ್ಟದ ಮೊತ್ತ ಮೀರದಂತೆ ಕಡಿತ ಮಾಡಬಹುದೆಂದು 1936ರ ವೇತನ ಪಾವತಿ ಕಾಯ್ದೆ ಹೇಳಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ 2019ರ ವೇತನ ಸಂಹಿತೆಯೂ ಇದನ್ನೇ ಉಳಿಸಿಕೊಂಡಿದೆ. ಗಿರಾಕಿಯ ಛಾವಣಿ ಆ ಹುಡುಗನ ವಶಕ್ಕೆ ಒಪ್ಪಿಸಿದ ಸರಕಲ್ಲ.

ಹಳೆಯ ಶೆಡ್ಡುಗಳ ಕಲ್ನಾರು ಶೀಟಿನ ಮಾತು ಬಂದರೆ ಈ ಅನ್ಯಾಯ ಇನ್ನೂ ಕ್ರೂರವಾಗುತ್ತದೆ. ಮಳೆ ಬಿಸಿಲಿಗೆ ಪೆಡಸಾದ ಆ ಶೀಟು ಆಳಿನ ಭಾರ ತಡೆಯದು. ಅಡ್ಡ ಹಲಗೆ ಹಾಸಿಕೊಡದೆ, ಸೊಂಟಕ್ಕೆ ಬೆಲ್ಟು ಕೊಡದೆ ಹುಡುಗನನ್ನು ಮೇಲೆ ಹತ್ತಿಸಿದವರಾರು? ಶೀಟು ಮುರಿದೂ ಅವನು ಬದುಕಿ ಕೆಳಗಿಳಿದದ್ದೇ ಪುಣ್ಯವೆನ್ನುವ ಹೊತ್ತಿನಲ್ಲಿ ಶೀಟಿನ ಬೆಲೆಯನ್ನು ಅವನ ಲೆಕ್ಕಕ್ಕೆ ಬರೆಯುವ ಕೈಗೆ ಕಾಯಕದ ಹೆಸರೆತ್ತುವ ಹಕ್ಕಿಲ್ಲ. ಮುರಿದ ಚೂರುಗಳನ್ನು ಒಣಗಸಬರಿಕೆಯಿಂದ ಗುಡಿಸಲು ಅದೇ ಹುಡುಗನಿಗೆ ಹೇಳುವುದಂತೂ ಅವನ ಶ್ವಾಸಕೋಶಕ್ಕೇ ದಂಡ ಹಾಕಿದಂತೆ; ಆ ಧೂಳು ಏಳದಂತೆ ನೀರು ಚಿಮುಕಿಸಬೇಕೆಂಬಷ್ಟನ್ನಾದರೂ ಧಣಿ ತಿಳಿದಿರಬೇಡವೇ?

ಸಣ್ಣ ಗುತ್ತಿಗೆದಾರನಿಗೆ ಉಳಿಯುವುದೇ ಅಲ್ಪ, ಒಂದು ಛಾವಣಿ ಮುರಿದರೆ ಆ ಕೆಲಸದ ಲಾಭವೆಲ್ಲ ಹೋಯಿತು ಎಂಬ ಅಳಲು ಸುಳ್ಳಲ್ಲ. ಕೆಲಸಕ್ಕೆ ಮುಂಚೆ ಛಾವಣಿಯನ್ನು ಗಿರಾಕಿಯೊಡನೆ ನೋಡಿ, ಹಳೆಯ ಬಿರುಕುಗಳ ಫೋಟೋ ತೆಗೆದಿಟ್ಟುಕೊಂಡು, ಇಂಥ ನಷ್ಟಕ್ಕೆಂದು ಅಂದಾಜಿನಲ್ಲೇ ಒಂದಿಷ್ಟು ಸೇರಿಸಿಕೊಳ್ಳುವುದನ್ನು ಯಾರೂ ತಡೆದಿಲ್ಲ. ಇತ್ತ ಗಿರಾಕಿಯೂ ಒಂದು ತೂತಿನ ನೆಪದಲ್ಲಿ ಇಡೀ ಬಿಲ್ಲನ್ನು ತಡೆಹಿಡಿಯುವುದು, ಪುಕ್ಕಟೆಯಾಗಿ ಗೋಡೆಗಳಿಗೂ ಬಣ್ಣ ಹೊಡೆಸಿಕೊಳ್ಳುವುದು ಸಲ್ಲದು. ಸರಿಪಡಿಸುವವರೆಗೆ ಬೋರ್ಡು, ಟೇಪು, ಬಣ್ಣ, ಬಡಗಿಯ ಮತ್ತು ಪೇಂಟರಿನ ಕೂಲಿ, ಇಷ್ಟರ ಹಣವನ್ನು ಮಾತ್ರ ಹಿಡಿದಿಟ್ಟುಕೊಂಡು, ಉಳಿದದ್ದನ್ನು ಕೆಲಸ ಮುಗಿದ ದಿನವೇ ಎಣಿಸಿ ಕೊಡತಕ್ಕದ್ದು.