ಗರ್ಭಕೋಶದ ಉದ್ದ ಸೀಳು: ಮುಂದಿನ ಬಸಿರಿಗೆ ಮುನ್ನ ಕೈಯಲ್ಲಿರಬೇಕಾದ ಕಾಗದ

ಕೊಯಮತ್ತೂರು: ತಮಿಳುನಾಡಿನಲ್ಲಿ ಸಿಸೇರಿಯನ್ ಹೆರಿಗೆ ಈಗ ಅಪರೂಪದ ಮಾತಲ್ಲ. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಾಜ್ಯದ ಹೆರಿಗೆಗಳಲ್ಲಿ ಶೇ. 34.1ರಷ್ಟು ಸಿಸೇರಿಯನ್ ಆಗಿದ್ದವು. 2019-21ರ ಸಮೀಕ್ಷೆಯಲ್ಲಿ ಅದು ಶೇ. 44.9ಕ್ಕೆ ಏರಿತು. ಕರ್ನಾಟಕದಲ್ಲಿ ಇದೇ ಅವಧಿಯಲ್ಲಿ ಶೇ. 23.6ರಿಂದ 31.5ಕ್ಕೆ ಹೆಚ್ಚಿತು. ದೇಶದ ಸರಾಸರಿ ಶೇ. 21.5. ಆಪರೇಷನ್ ಅತಿಯಾಯಿತೇ, ಖಾಸಗಿ ಆಸ್ಪತ್ರೆಗಳು ಹಣಕ್ಕಾಗಿ ಮಾಡುತ್ತವೆಯೇ ಎಂಬ ಚರ್ಚೆ ಪ್ರತಿ ಸಮೀಕ್ಷೆ ಹೊರಬಂದಾಗಲೂ ನಡೆಯುತ್ತದೆ. ಆದರೆ ಒಮ್ಮೆ ಆಪರೇಷನ್ ಆದ ಹೆಣ್ಣುಮಗಳು ಮತ್ತೆ ಬಸುರಿಯಾದಾಗ ಏನಾಗಬೇಕು ಎಂಬ ಪ್ರಶ್ನೆ ಮಾತ್ರ ಮನೆಯೊಳಗೇ ಉಳಿದುಬಿಡುತ್ತದೆ.

ಈ ಪ್ರಶ್ನೆ ಎಲ್ಲರಿಗೂ ಒಂದೇ ತೂಕದ್ದಲ್ಲ. ಬಹುಪಾಲು ಸಿಸೇರಿಯನ್‌ಗಳಲ್ಲಿ ಗರ್ಭಕೋಶದ ಕೆಳಭಾಗವನ್ನು ಅಡ್ಡಲಾಗಿ ಸೀಳಿ ಮಗುವನ್ನು ತೆಗೆಯುತ್ತಾರೆ. ಕೆಲವರಿಗೆ ಮಾತ್ರ ಗರ್ಭಕೋಶದ ಮೇಲ್ಭಾಗವನ್ನು ಉದ್ದಕ್ಕೆ ಸೀಳಬೇಕಾಗುತ್ತದೆ. ವೈದ್ಯರು ಇದನ್ನು 'ಕ್ಲಾಸಿಕಲ್' ಸಿಸೇರಿಯನ್ ಎನ್ನುತ್ತಾರೆ. ಹೀಗೆ ಉದ್ದ ಸೀಳು ಬಿದ್ದವರ ಸಂಖ್ಯೆ ಕಡಿಮೆ. ಆದರೆ ಮುಂದಿನ ಬಸಿರಿನಲ್ಲಿ ಅವರಿಗಿರುವ ಅಪಾಯ ಹಲವು ಪಟ್ಟು ಹೆಚ್ಚು. ಕಷ್ಟವೆಂದರೆ, ತಮಗೆ ಯಾವ ಸೀಳು ಬಿದ್ದಿದೆ ಎಂಬುದು ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ.

ಹೊಟ್ಟೆಯ ಗಾಯ ಬೇರೆ, ಗರ್ಭಕೋಶದ ಗಾಯ ಬೇರೆ

ಊರ ಹೆಂಗಸರ ಮಾತಿನಲ್ಲಿ 'ಉದ್ದ ಹೊಲಿಗೆ', 'ಅಡ್ಡ ಹೊಲಿಗೆ' ಎಂದರೆ ಹೊಟ್ಟೆಯ ಮೇಲೆ ಕಾಣುವ ಗುರುತು. ಅದನ್ನು ನೋಡಿ ಒಳಗಿನದನ್ನು ಹೇಳಲು ಬರುವುದಿಲ್ಲ. ಹೊಕ್ಕುಳ ಕೆಳಗೆ ಉದ್ದ ಗೆರೆ ಇದ್ದವರಲ್ಲೂ ಗರ್ಭಕೋಶದ ಸೀಳು ಅಡ್ಡವಾಗಿರಬಹುದು. ಹಿಂದಿನ ತಲೆಮಾರಿನ ತಾಯಂದಿರಲ್ಲಿ ಇದು ಸಾಮಾನ್ಯವಾಗಿತ್ತು. ಅದೇ ರೀತಿ, ಸೀರೆಯ ನೆರಿಗೆಯೊಳಗೆ ಮುಚ್ಚಿಹೋಗುವ ಅಡ್ಡ ಗೆರೆ ಇದ್ದವರ ಗರ್ಭಕೋಶವನ್ನು ಉದ್ದಕ್ಕೆ ಸೀಳಿರಲೂಬಹುದು. ಹೀಗಾಗಿ ಒಬ್ಬಳು ಕಾರಣವಿಲ್ಲದೆ ಹೆದರುತ್ತಾಳೆ, ಇನ್ನೊಬ್ಬಳು ಹೆದರಬೇಕಾದಲ್ಲಿ ನಿಶ್ಚಿಂತೆಯಿಂದ ಇರುತ್ತಾಳೆ. ಸ್ಕ್ಯಾನಿಂಗ್‌ನಲ್ಲೂ ಹಳೆಯ ಸೀಳು ಯಾವುದೆಂದು ಖಚಿತವಾಗಿ ತಿಳಿಯುವುದು ಕಷ್ಟ. ನಂಬಬಹುದಾದದ್ದು ಆಪರೇಷನ್ ಮಾಡಿದ ವೈದ್ಯರು ಬರೆದಿಟ್ಟ ಟಿಪ್ಪಣಿ ಮಾತ್ರ.

ಉದ್ದ ಸೀಳು ಹೊಸ ವಿಧಾನವೇನೂ ಅಲ್ಲ, ಹಳೆಯದೇ ಅದು. 1882ರಲ್ಲಿ ಜರ್ಮನಿಯ ಮ್ಯಾಕ್ಸ್ ಸೆಂಗರ್ ಗರ್ಭಕೋಶಕ್ಕೆ ಸರಿಯಾಗಿ ಹೊಲಿಗೆ ಹಾಕುವ ಕ್ರಮ ತೋರಿಸಿದ ಮೇಲೆ ಎಲ್ಲೆಡೆ ಬಳಕೆಗೆ ಬಂದದ್ದು ಈ ವಿಧಾನ. ಒಮ್ಮೆ ಸಿಸೇರಿಯನ್ ಆದರೆ ಮುಂದೆಲ್ಲ ಸಿಸೇರಿಯನ್ನೇ ಎಂಬ ಮಾತನ್ನು 1916ರಲ್ಲಿ ನ್ಯೂಯಾರ್ಕಿನ ವೈದ್ಯ ಎಡ್ವಿನ್ ಕ್ರೇಗಿನ್ ಆಡಿದಾಗ ಅವರ ಕಣ್ಣ ಮುಂದಿದ್ದದ್ದೂ ಇದೇ ಸೀಳು. 1920ರ ದಶಕದಲ್ಲಿ ಗ್ಲಾಸ್ಗೋದ ಮನ್ರೋ ಕೆರ್ ಕೆಳಭಾಗದ ಅಡ್ಡ ಸೀಳನ್ನು ಪ್ರಚಾರಕ್ಕೆ ತಂದರು. ಕ್ರಮೇಣ ಅದೇ ರೂಢಿಯಾಯಿತು. ಹಳೆಯ ಎಚ್ಚರಿಕೆ ಅಡ್ಡ ಸೀಳಿನವರ ಮಟ್ಟಿಗೆ ಸಡಿಲವಾಗಿದೆ. ಅವರಲ್ಲಿ ಅನೇಕರು ಆಸ್ಪತ್ರೆಯ ಕಣ್ಗಾವಲಿನಲ್ಲಿ ಸಹಜ ಹೆರಿಗೆಗೆ ಪ್ರಯತ್ನಿಸಬಹುದು. ಉದ್ದ ಸೀಳಿನವರ ಮಟ್ಟಿಗೆ ಅದು ಇಂದಿಗೂ ಹಾಗೆಯೇ ನಿಂತಿದೆ.

ಅಪಾಯ ಎಷ್ಟು, ಏಕೆ

ಗರ್ಭಕೋಶದ ಮೇಲ್ಭಾಗ ದಪ್ಪ ಸ್ನಾಯು. ಹೆರಿಗೆ ನೋವಿನಲ್ಲಿ ಹಿಂಡುವುದು, ಮಗುವನ್ನು ಕೆಳಕ್ಕೆ ತಳ್ಳುವುದು ಈ ಭಾಗವೇ. ಹೆರಿಗೆಯಾದ ಮೇಲೂ ಅದು ಕುಗ್ಗುತ್ತ ಹಿಗ್ಗುತ್ತ ಇರುವುದರಿಂದ ಅಲ್ಲಿನ ಹೊಲಿಗೆ ಬಿಗಿಯಾಗಿ ಕೂಡಿಕೊಳ್ಳುವುದು ಕಷ್ಟ. ಕೆಳಭಾಗ ತೆಳು, ಹೆಚ್ಚು ಅಲುಗಾಡುವುದಿಲ್ಲ. ಗಾಯ ಚೆನ್ನಾಗಿ ಮಾಯುತ್ತದೆ. ಅಮೆರಿಕದ ಪ್ರಸೂತಿ ತಜ್ಞರ ಕಾಲೇಜು ಕೊಡುವ ಲೆಕ್ಕದಂತೆ, ಅಡ್ಡ ಸೀಳಿನ ತಾಯಂದಿರು ಮುಂದೆ ಹೆರಿಗೆ ನೋವಿಗೆ ಒಳಗಾದಾಗ ಹಳೆಯ ಗಾಯ ಬಿರಿಯುವುದು ನೂರರಲ್ಲಿ ಒಬ್ಬರಿಗಿಂತ ಕಡಿಮೆ ಮಂದಿಗೆ. ಉದ್ದ ಸೀಳಿನವರಲ್ಲಿ ನೂರಕ್ಕೆ 4ರಿಂದ 9 ಮಂದಿಗೆ.

ಬಿರಿದರೆ ಮಗುವಿಗೆ ಉಸಿರು ಒದಗಿಸುವ ರಕ್ತ ನಿಮಿಷಗಳಲ್ಲೇ ತಪ್ಪುತ್ತದೆ. ತಾಯಿಗೆ ಒಳಗೊಳಗೇ ರಕ್ತಸ್ರಾವವಾಗುತ್ತದೆ. ಕೆಲವೊಮ್ಮೆ ಗರ್ಭಕೋಶವನ್ನೇ ತೆಗೆಯಬೇಕಾಗುತ್ತದೆ. ಇನ್ನೂ ಮುಖ್ಯವಾದ ಸಂಗತಿ ಎಂದರೆ, ಉದ್ದ ಸೀಳು ಹೆರಿಗೆ ನೋವು ಆರಂಭವಾಗುವ ಮೊದಲೇ, ಬಸಿರಿನ ಕೊನೆಯ ತಿಂಗಳುಗಳಲ್ಲಿ ಬಿರಿಯಲೂಬಹುದು. ಆದ್ದರಿಂದ ನೋವು ಬಂದ ಮೇಲೆ ಆಸ್ಪತ್ರೆಗೆ ಹೋದರಾಯಿತು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ನೋವು ಬರುವ ಮುಂಚೆಯೇ, 36 ವಾರ ತುಂಬಿದ ಮೇಲೆ 37ನೇ ವಾರ ಮುಗಿಯುವುದರೊಳಗೆ ದಿನ ಗೊತ್ತು ಮಾಡಿ ಮತ್ತೆ ಸಿಸೇರಿಯನ್ ಮಾಡಬೇಕು ಎಂಬುದು ಆ ಕಾಲೇಜಿನ ಸಲಹೆ. ಬ್ರಿಟನ್ನಿನ ರಾಯಲ್ ಕಾಲೇಜು ಕೂಡ ಇಂಥವರಿಗೆ ಸಹಜ ಹೆರಿಗೆಯ ಪ್ರಯತ್ನ ಬೇಡವೆನ್ನುತ್ತದೆ.

ಉದ್ದ ಸೀಳು ಯಾರಿಗೆ?

ವೈದ್ಯರು ಸುಮ್ಮನೆ ಉದ್ದಕ್ಕೆ ಸೀಳುವುದಿಲ್ಲ. ಆರು-ಏಳು ತಿಂಗಳಲ್ಲೇ ಮಗುವನ್ನು ತೆಗೆಯಬೇಕಾದಾಗ ಗರ್ಭಕೋಶದ ಕೆಳಭಾಗ ಇನ್ನೂ ಬೆಳೆದಿರುವುದಿಲ್ಲ. ಮಗು ಅಡ್ಡಲಾಗಿ ಮಲಗಿ ಬೆನ್ನು ಕೆಳಮುಖವಾಗಿದ್ದರೆ, ಮಾಸು (ತಮಿಳಿನ ನಂಜುಕ್ಕೊಡಿ) ಗರ್ಭಕೋಶದ ಬಾಯಿಗೆ ಅಡ್ಡಬಂದಿದ್ದರೆ, ಕೆಳಭಾಗದಲ್ಲಿ ಗಡ್ಡೆ ಇದ್ದರೆ ಅಥವಾ ಹಳೆಯ ಆಪರೇಷನ್‌ನಿಂದ ಒಳಗೆಲ್ಲ ಅಂಟಿಕೊಂಡಿದ್ದರೆ ಬೇರೆ ದಾರಿ ಇರುವುದಿಲ್ಲ. ಅಂದರೆ ಈ ಸೀಳು ಬೀಳುವುದು ಹೆಚ್ಚಾಗಿ ತುರ್ತಿನಲ್ಲಿ, ತಾಯಿಯ ಅಥವಾ ಮಗುವಿನ ಜೀವ ಉಳಿಸುವ ಹೊತ್ತಿನಲ್ಲಿ.

ಇದರಲ್ಲೊಂದು ನೋವಿನ ಸಂಗತಿ ಇದೆ. ತಿಂಗಳು ತುಂಬದೆ ಹುಟ್ಟಿದ ಮಗು ಕೆಲವೊಮ್ಮೆ ಉಳಿಯುವುದಿಲ್ಲ. ಮಡಿಲು ಬರಿದಾದ ತಾಯಿಗೆ ಆದಷ್ಟು ಬೇಗ ಇನ್ನೊಂದು ಮಗು ಬೇಕೆನಿಸುತ್ತದೆ, ಗಂಡನ ಮನೆಯವರೂ ಅದನ್ನೇ ಹೇಳುತ್ತಾರೆ. ಯಾರ ಗರ್ಭಕೋಶಕ್ಕೆ ಹೆಚ್ಚು ಬಿಡುವು ಬೇಕೋ ಅವರೇ ಬೇಗ ಬಸುರಿಯಾಗುತ್ತಾರೆ.

ಗಡಿ ದಾಟದ ದಾಖಲೆ

ಕೊಳ್ಳೇಗಾಲ ತಾಲೂಕು 1956ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ತಾಳವಾಡಿ ಭಾಗ 1979ರಲ್ಲಿ ಈರೋಡು ಜಿಲ್ಲೆ ಬೇರೆಯಾಗುವವರೆಗೆ ಇಲ್ಲಿಗೇ ಸೇರಿತ್ತು. ತಿರುಪ್ಪೂರು ಪ್ರತ್ಯೇಕ ಜಿಲ್ಲೆಯಾದದ್ದು 2009ರಲ್ಲಿ. ನಕ್ಷೆಯಲ್ಲಿ ಗೆರೆ ಬದಲಾದರೂ ನಂಟು ಬದಲಾಗಲಿಲ್ಲ. ನೇಕಾರ ಮನೆಗಳಿಂದ ಹಿಡಿದು ಬನಿಯನ್ ಕಂಪನಿಯ ಕಾರ್ಮಿಕರವರೆಗೆ ಹೆಣ್ಣು ಕೊಡುವುದು, ತರುವುದು ಘಟ್ಟದ ಮೇಲೂ ಕೆಳಗೂ ನಡೆದೇ ಇದೆ.

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕೆಂಬುದು ಎರಡೂ ಭಾಷೆಯವರ ಪದ್ಧತಿ. ಹೀಗಾಗಿ ಮೊದಲ ಆಪರೇಷನ್ ಚಾಮರಾಜನಗರದಲ್ಲೋ ಕೊಳ್ಳೇಗಾಲದಲ್ಲೋ ಆಗುತ್ತದೆ, ಎರಡನೆಯದು ಕೊಯಮತ್ತೂರಿನಲ್ಲೋ ತಿರುಪ್ಪೂರಿನಲ್ಲೋ. ಕೆಲವರಿಗೆ ಇದರ ತಿರುಗುಮುರುಗು. ಅಲ್ಲಿ ತಾಯಿ ಕಾರ್ಡು, ಇಲ್ಲಿ ಪಿಕ್ಮಿ ನಂಬರು. ಮಧ್ಯರಾತ್ರಿ ನೋವಿನಲ್ಲಿ ಬಂದ ಬಸುರಿಯ ಹಳೆಯ ಆಪರೇಷನ್ ವಿವರ ಈ ನಂಬರಿನಿಂದಲೇ ಡ್ಯೂಟಿ ಡಾಕ್ಟರ ಕೈಗೆ ಸಿಗುತ್ತದೆಂದು ನಂಬಿ ಕೂರುವಂತಿಲ್ಲ. ಕಾಗದ ತವರಿನ ಟ್ರಂಕಿನಲ್ಲಿದ್ದರೆ 'ಮೊದಲನೆಯದು ಆಪರೇಷನ್' ಎಂಬ ಎರಡು ಪದವಷ್ಟೇ ವೈದ್ಯರಿಗೆ ಉಳಿಯುವುದು.

ಮೂರು ವರ್ಷದ ಗಡುವು

ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿಯಂತೆ, ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಕಾಪಾಡಬೇಕು. ರೋಗಿ ಅಥವಾ ಅವರು ಅಧಿಕಾರ ಕೊಟ್ಟವರು ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. 2023ರ ಆಗಸ್ಟ್‌ನಲ್ಲಿ ಹೊಸ ನಿಯಮಗಳು ಬಂದರೂ ಅದೇ ತಿಂಗಳು ಅವುಗಳನ್ನು ತಡೆಹಿಡಿದು ಹಳೆಯದನ್ನೇ ಮತ್ತೆ ಜಾರಿಗೆ ತರಲಾಯಿತು.

ಈ ಮೂರು ವರ್ಷದ ಲೆಕ್ಕವನ್ನು ಹೆರಿಗೆಯ ಅಂತರದ ಪಕ್ಕದಲ್ಲಿಟ್ಟು ನೋಡಬೇಕು. ಹೆರಿಗೆಯಾದ ಮೇಲೆ ಕನಿಷ್ಠ 24 ತಿಂಗಳು ಬಿಟ್ಟು ಮುಂದಿನ ಬಸಿರಿಗೆ ಪ್ರಯತ್ನಿಸುವುದು ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಮಾತನ್ನು ಕೇಳಿದ ತಾಯಿಗೆ ಎರಡನೇ ಹೆರಿಗೆ ಆಗುವ ಹೊತ್ತಿಗೆ ಮೂರು ವರ್ಷ ಹತ್ತಿರವಾಗಿರುತ್ತದೆ ಅಥವಾ ದಾಟಿರುತ್ತದೆ. ಆಸ್ಪತ್ರೆ ಆಗ ಹಳೆಯ ಕಡತ ಇಟ್ಟಿರಲೇಬೇಕೆಂದಿಲ್ಲ. ಕಾಗದ ಕೇಳಬೇಕಾದ ಕಾಲ ಬಸುರಿಯಾದ ಮೇಲಲ್ಲ, ಡಿಸ್ಚಾರ್ಜ್ ಆಗುವ ದಿನ.

ಡಿಸ್ಚಾರ್ಜ್ ಚೀಟಿಯಲ್ಲಿ 'ಎಲ್‌ಎಸ್‌ಸಿಎಸ್' ಎಂದಿದ್ದರೆ ಕೆಳಭಾಗದ ಸೀಳು ಎಂದರ್ಥ. 'ಕ್ಲಾಸಿಕಲ್', 'ಅಪ್ಪರ್ ಸೆಗ್ಮೆಂಟ್' ಅಥವಾ 'ಇನ್ವರ್ಟೆಡ್ ಟಿ' ಎಂಬ ಪದ ಕಂಡರೆ ಎಚ್ಚರ ಬೇಕು. ಏನೂ ಬರೆದಿಲ್ಲದಿದ್ದರೆ ಬರೆಸಿಕೊಳ್ಳಬೇಕು. ಕಾಗದ ಕಳೆದೇ ಹೋಗಿದ್ದರೆ ನಾಲ್ಕು ಸಂಗತಿ ನೆನಪಿರಬೇಕು: ಎಷ್ಟನೇ ವಾರದಲ್ಲಿ ಆಪರೇಷನ್ ಆಯಿತು, ಏಕೆ ಆಯಿತು, ಮಗು ಯಾವ ಭಂಗಿಯಲ್ಲಿತ್ತು, ತೂಕ ಎಷ್ಟಿತ್ತು. ಇವುಗಳಿಂದ ವೈದ್ಯರು ಸೀಳು ಯಾವುದಿರಬಹುದೆಂದು ಊಹಿಸುತ್ತಾರೆ.

ಸೀಮಂತದ ಲೆಕ್ಕ, ವೈದ್ಯರ ಲೆಕ್ಕ

ಮಡಿಲು ತುಂಬಿ, ಬಳೆ ತೊಡಿಸಿ (ತಮಿಳರ ವಳೈಕಾಪ್ಪು) ಏಳರಲ್ಲೋ ಒಂಬತ್ತರಲ್ಲೋ ತವರಿಗೆ ಕರೆದೊಯ್ಯುವುದು ರೂಢಿ. ಶಾಸ್ತ್ರ ಚೊಚ್ಚಲಿಗೆ ಮಾತ್ರವಾದರೂ ಮೊದಲ ಮಗು ಉಳಿಯದ ಮನೆಗಳಲ್ಲಿ ಎರಡನೇ ಬಸಿರಿಗೂ ತವರಿನ ಕರೆ ಬರುತ್ತದೆ. ಉದ್ದ ಸೀಳಿನವರಿಗೆ ಅಪಾಯ ಹೆಚ್ಚುವುದು ಈ ತಿಂಗಳುಗಳಲ್ಲೇ. 36 ವಾರವೆಂದರೆ ಎಂಟು ತುಂಬಿ ಒಂಬತ್ತಕ್ಕೆ ಬಿದ್ದ ಹೊಸತು. ಒಂಬತ್ತರಲ್ಲಿ ಒಳ್ಳೆಯ ದಿನ ನೋಡಿ, ಬಣ್ಣಾರಿಯಿಂದ ದಿಂಬಂವರೆಗಿನ 27 ಕಡಿದಾದ ತಿರುವು ಹತ್ತಿ ಹೋಗುವ ಹೊತ್ತಿಗೆ ಆಕೆ ಆಪರೇಷನ್‌ಗೆ ದಾಖಲಾಗಿರಬೇಕು. ಶಾಸ್ತ್ರ ಬೇಡವೆಂದಲ್ಲ, ಅದನ್ನು ಬೇಗ ಮುಗಿಸಿ, ತಾಯಿಯೇ ಮಗಳ ಮನೆಗೆ ಬಂದು ಬಾಣಂತನ ಮಾಡಬಹುದು.

ಇಂಥ ಹೆರಿಗೆಗೆ ಹತ್ತಿರದ ಆಸ್ಪತ್ರೆ ಸಾಲದು. ದಿನದ 24 ಗಂಟೆಯೂ ಅರಿವಳಿಕೆ ತಜ್ಞರು, ರಕ್ತನಿಧಿ, ತಿಂಗಳು ತುಂಬದ ಮಗುವನ್ನು ನೋಡುವ ಘಟಕ ಇರುವ ಕಡೆ ಆಗಬೇಕು. ಕೊಯಮತ್ತೂರು ಮೆಡಿಕಲ್ ಕಾಲೇಜು ಆಸ್ಪತ್ರೆಯಂಥ ಬೋಧನಾ ಆಸ್ಪತ್ರೆಗಳು ಇರುವುದು ಇದಕ್ಕೇ. ತಿರುಪ್ಪೂರಿನಲ್ಲೂ 2022ರ ಜನವರಿಯಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಉದ್ಘಾಟನೆಯಾಯಿತು. ಘಟ್ಟದ ಮೇಲಿನವರಿಗೆ ಚಾಮರಾಜನಗರದ ವೈದ್ಯಕೀಯ ವಿಜ್ಞಾನ ಸಂಸ್ಥೆ ಇದೆ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್, ಔಷಧ, ರಕ್ತ, ವಾಹನ ಎಲ್ಲವೂ ಉಚಿತ.

ಕೊನೆಯ ತಿಂಗಳುಗಳ ಹೊಟ್ಟೆನೋವನ್ನು 'ಸೂಟ್ಟು ವಲಿ', ಉಷ್ಣದ ನೋವು ಎಂದು ಜೀರಿಗೆ ಕಷಾಯ ಕುಡಿಸಿ ಕಾಯುವ ಅಭ್ಯಾಸ ಹಲವು ಮನೆಗಳಲ್ಲಿದೆ. ಉದ್ದ ಸೀಳಿನವರ ವಿಷಯದಲ್ಲಿ ಹೀಗೆ ಕಾಯುವುದು ಸಲ್ಲದು. ಬಿಡದ ಹೊಟ್ಟೆನೋವು, ರಕ್ತ ಕಾಣುವುದು, ತಲೆಸುತ್ತಿ ಬೆವರುವುದು, ಮಗು ಅಲುಗುವುದು ಕಡಿಮೆಯಾಗುವುದು, ಬರುತ್ತಿದ್ದ ನೋವು ಇದ್ದಕ್ಕಿದ್ದಂತೆ ನಿಂತುಬಿಡುವುದು, ಇವುಗಳಲ್ಲಿ ಯಾವುದು ಕಂಡರೂ 108ಕ್ಕೆ ಕರೆ ಮಾಡಬೇಕು. ಎರಡೂ ರಾಜ್ಯಗಳಲ್ಲಿ ನಂಬರು ಒಂದೇ.

ಇನ್ನೆಷ್ಟು ಮಕ್ಕಳು?

ಉದ್ದ ಸೀಳು ಬಿದ್ದ ಮಾತ್ರಕ್ಕೆ ಮತ್ತೆ ಮಗು ಬೇಡವೆಂದು ಯಾರೂ ಹೇಳುವುದಿಲ್ಲ. ಸರಿಯಾದ ಅಂತರ, ಸರಿಯಾದ ಆಸ್ಪತ್ರೆ, ಗೊತ್ತು ಮಾಡಿದ ದಿನ ಇದ್ದರೆ ಹೆಚ್ಚಿನವರು ಆರೋಗ್ಯವಂತ ಮಗುವನ್ನು ಎತ್ತಿಕೊಂಡೇ ಮನೆಗೆ ಬರುತ್ತಾರೆ. ಆದರೆ ಸಿಸೇರಿಯನ್ ಹೆಚ್ಚಿದಂತೆ ಇನ್ನೊಂದು ತೊಡಕು ಬೆಳೆಯುತ್ತದೆ: ಮಾಸು ಹಳೆಯ ಗಾಯದೊಳಗೆ ಬೇರುಬಿಟ್ಟು ಬಿಡಿಸಲಾಗದಂತೆ ಅಂಟಿಕೊಳ್ಳುವುದು. 30 ಸಾವಿರಕ್ಕೂ ಹೆಚ್ಚು ತಾಯಂದಿರನ್ನು ಗಮನಿಸಿ 2006ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದ ಪ್ರಕಾರ, ಮಾಸು ಕೆಳಗೆ ಅಡ್ಡಬಂದವರಲ್ಲಿ ಹೀಗಾಗುವ ಸಾಧ್ಯತೆ ಎರಡನೇ ಸಿಸೇರಿಯನ್ ವೇಳೆ ಶೇ. 11, ಮೂರನೆಯದರಲ್ಲಿ ಶೇ. 40, ನಾಲ್ಕನೆಯದರಲ್ಲಿ ಶೇ. 61. ಐದನೇ ತಿಂಗಳ ಸ್ಕ್ಯಾನಿಂಗ್‌ನಲ್ಲಿ ಮಾಸು ಎಲ್ಲಿದೆ ಎಂದು ಕೇಳಿ ತಿಳಿಯುವುದು ಇದಕ್ಕಾಗಿ. ಎರಡು ಹೆಣ್ಣಾದ ಮೇಲೆ ಗಂಡಿಗಾಗಿ ಮೂರನೆಯದಕ್ಕೆ ಒತ್ತಾಯಿಸುವ ಹಿರಿಯರು ಈ ಅಂಕಿಗಳನ್ನೂ ಕೇಳಿಸಿಕೊಳ್ಳಬೇಕು.

ಅಂತರಕ್ಕೆ ದಾರಿಗಳಿವೆ. ಕಾಪರ್-ಟಿ ಇದೆ. ಮೂರು ತಿಂಗಳಿಗೊಮ್ಮೆ ಹಾಕಿಸುವ 'ಅಂತರಾ' ಇಂಜೆಕ್ಷನ್, 'ಛಾಯಾ' ಮಾತ್ರೆ 2017ರಿಂದ ಸರ್ಕಾರಿ ವ್ಯವಸ್ಥೆಯಲ್ಲಿ ಉಚಿತ. ಮಗು ಕಳೆದುಕೊಂಡ ದಂಪತಿಗೆ ಈ ಮಾತು ಕಹಿಯಾಗಿ ಕೇಳುತ್ತದೆ. ಆದ್ದರಿಂದಲೇ ಅದನ್ನು ಡಿಸ್ಚಾರ್ಜ್ ಮಾಡುವ ವೈದ್ಯರೇ, ಗಂಡ ಮತ್ತು ಅತ್ತೆಯನ್ನೂ ಕೂರಿಸಿಕೊಂಡು, ಅವರಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು.

ಸರ್ಕಾರಗಳು ಮಾಡಬಹುದಾದದ್ದು ದೊಡ್ಡ ಯೋಜನೆಯಲ್ಲ. ಪ್ರತಿ ತಿಂಗಳ 9ರಂದು ನಡೆಯುವ ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆಯಲ್ಲಿ ಅಪಾಯದ ಬಸಿರಿನ ಕಾರ್ಡಿಗೆ ಕೆಂಪು ಚೀಟಿ ಅಂಟಿಸುವ ಪದ್ಧತಿ 2016ರಿಂದಲೇ ಇದೆ. ಆ ಕಾರ್ಡಿನಲ್ಲಿ 'ಗರ್ಭಕೋಶದ ಸೀಳು: ಅಡ್ಡ / ಉದ್ದ / ಗೊತ್ತಿಲ್ಲ' ಎಂಬ ಒಂದು ಸಾಲು ಕನ್ನಡದಲ್ಲೂ ತಮಿಳಿನಲ್ಲೂ ಇದ್ದರೆ ಸಾಕು, ಘಟ್ಟದ ಈಚೆ ಬರೆದದ್ದನ್ನು ಆಚೆಯ ದಾದಿಯೂ ಓದಬಲ್ಲಳು. ಆ ಸಾಲು ಬರುವವರೆಗೆ ಡಿಸ್ಚಾರ್ಜ್ ಚೀಟಿಯ ಎರಡು ಜೆರಾಕ್ಸ್ ತೆಗೆಸಿ, ಒಂದನ್ನು ತವರಿನಲ್ಲಿ, ಇನ್ನೊಂದನ್ನು ಗಂಡನ ಮನೆಯಲ್ಲಿ ಇಡುವುದು ಮನೆಯವರೇ ಮಾಡಬಹುದಾದ ಕೆಲಸ.